ಅಮ್ಮನ ಲ್ಯಾಪ್‌ಟಾಪಿನಲ್ಲಿ ಮಾಯವಾದ ಸಾಲು

ಕೆಲವು ತಿಂಗಳ ಹಿಂದೆ ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಯ್ತು. ವಾರ ತೀರ್ಥಹಳ್ಳಿಯಲ್ಲಿದ್ದು ನಾನು ಬೆಂಗಳೂರಿಗೆ ವಾಪಸ್ ಬಂದೆ. ಮಾತ್ರೆ ಏಳೆಂಟು ಬಗೆ. ಅಮ್ಮನಿಗೆ ಗೊಂದಲ ಆಗಬಾರದು ಅಂತ ಒಂದು ರಾತ್ರಿ ಕೂತು ವೆಬ್ ಪೇಜ್ ಮಾಡಿ ಲಿಂಕ್ ಕಳಿಸಿದೆ. ಬಣ್ಣಬಣ್ಣದ ಚೌಕಗಳು, ಒಂದೊಂದರಲ್ಲಿ ಒಂದೊಂದು ಮಾತ್ರೆ. ಆಫೀಸಿನಲ್ಲಿ ನಾನು ಮಾಡೋದೂ ಇದೇ ಕೆಲಸ, ಹಾಗಾಗಿ ಸ್ವಲ್ಪ ಜಂಬವೂ ಇತ್ತು.

ಐದನೇ ದಿನ ಅಮ್ಮನ ಫೋನ್. "ಅಪ್ಪಂಗೆ ಹೊಟ್ಟೆ ಉರಿ ಕಣೆ. ಆ ನೋವಿನ ಮಾತ್ರೆ ದಿನಾ ರಾತ್ರಿ ಕೊಡ್ಲೇಬೇಕಾ?"

"ದಿನಾ ಯಾಕೆ? ನೋವಿದ್ದರೆ ಮಾತ್ರ ಅಂತ ಬರೆದಿದೀನಲ್ಲಮ್ಮ!"

"ಹಾಗೆಲ್ಲೂ ಇಲ್ಲ. 'ರಾತ್ರಿ ಒಂದು' ಅಂತಷ್ಟೇ ಇದೆ. ಅದಿರ್ಲಿ, ನಿನ್ನ ಕಂಪ್ಯೂಟರಿಗೆ ಒತ್ತಕ್ಷರ ಬರಲ್ವಾ?"

ಅಮ್ಮ ಕನ್ನಡ ಮೇಷ್ಟ್ರಾಗಿ ರಿಟೈರ್ ಆದವಳು. ತಪ್ಪು ಹುಡುಕೋದು ಅವಳ ಅಭ್ಯಾಸ ಅಂದುಕೊಂಡೆ. ಆದರೆ ಅವಳು ಸ್ಕ್ರೀನಿನ ಫೋಟೊ ಕಳಿಸಿದಾಗ ಕೈಕಾಲು ತಣ್ಣಗಾಯ್ತು. "ರಾತ್ರಿ ಒಂದು, ನೋವಿದ್ದರೆ ಮಾತ್ರ" ಅನ್ನೋ ಸಾಲು ನನ್ನಲ್ಲಿ ಚೌಕದೊಳಗೆ ಸರಿಯಾಗಿ ಕೂತಿತ್ತು. ಅಲ್ಲಿ ಅದು ಎರಡು ಸಾಲಾಗಿ ಒಡೆದು, ಎರಡನೆಯದು ಚೌಕದ ಕೆಳಗೆ ಮುಚ್ಚಿಹೋಗಿತ್ತು. "ಬೆಳಿಗ್ಗೆ"ಯ ಗ್ಗೆಗೆ ಕೆಳಗಿನ ಒತ್ತೇ ಇಲ್ಲ. ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ನಿಲ್ಲಿಸಿದ್ದಾಯ್ತು, ಎರಡು ದಿನದಲ್ಲಿ ಉರಿ ಇಳೀತು. ಆದರೆ ತಪ್ಪು ಎಲ್ಲಾಯ್ತು ಅಂತ ಗೊತ್ತಾಗದೆ ನನಗೆ ನಿದ್ದೆ ಬರಲಿಲ್ಲ. ಶುಕ್ರವಾರ ರಾತ್ರಿಯ ಬಸ್ಸು ಹತ್ತಿದೆ.

ಪೇಜಿನಲ್ಲಿ ಫಾಂಟ್ ಅಂತ ನಾನು ಹಾಕಿದ್ದು 'ಸಿಸ್ಟಮ್-ಯುಐ' ಅನ್ನೋ ಒಂದೇ ಪದ. ಈ ಕಂಪ್ಯೂಟರಿನ ಮೆನು, ಬಟನ್ನುಗಳಿಗೆ ಯಾವ ಅಕ್ಷರ ಇದೆಯೋ ಅದನ್ನೇ ಬಳಸು ಅಂತ ಅರ್ಥ. ಫಾಂಟ್ ಡೌನ್‌ಲೋಡ್ ಆಗುವ ಗೋಜಿಲ್ಲ, ಪೇಜ್ ಬೇಗ ತೆರೆಯುತ್ತೆ, ಓದುವವರಿಗೆ ಕಣ್ಣಿಗೆ ಪರಿಚಿತ. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡಕ್ಕೆ ಇಲ್ಲೊಂದು ತಿರುವಿದೆ. ವಿಂಡೋಸ್‌ನ ಮೆನುಗಳಲ್ಲಿರುವ ಸೆಗೋ ಯುಐ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಹಾಗಾಗಿ ಸಿಸ್ಟಮ್ ಯಾರಿಗೂ ಹೇಳದೆ ಇನ್ನೊಂದು ಫಾಂಟಿನಿಂದ ಕನ್ನಡವನ್ನು ಕಡ ತರುತ್ತೆ. ಯಾವುದರಿಂದ ಅನ್ನೋದು ಆ ಕಂಪ್ಯೂಟರಿಗೆ ಬಿಟ್ಟದ್ದು.

ಅದನ್ನು ಪತ್ತೆಹಚ್ಚೋದು ಕಷ್ಟವಲ್ಲ. ಅಮ್ಮನ ಲ್ಯಾಪ್‌ಟಾಪಿನಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಇನ್‌ಸ್ಪೆಕ್ಟ್' ಒತ್ತಿದೆ. ಕ್ರೋಮ್, ಎಡ್ಜ್ ಎರಡರಲ್ಲೂ 'ಕಂಪ್ಯೂಟೆಡ್' ಅನ್ನೋ ಟ್ಯಾಬ್ ಇದೆ. ಅದರ ತಳಕ್ಕೆ ಹೋದರೆ 'ರೆಂಡರ್ಡ್ ಫಾಂಟ್ಸ್' ಅಂತ ಕಾಣುತ್ತೆ. ನಾವು ಕೇಳಿದ ಫಾಂಟಲ್ಲ, ನಿಜಕ್ಕೂ ತೆರೆ ಮೇಲೆ ಬಂದ ಫಾಂಟ್. ಅಲ್ಲಿ ಇದ್ದದ್ದು ನಿರ್ಮಲಾ ಯುಐ. ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಅದೇ ಜಾಗದಲ್ಲಿ ನೋಟೊ ಸ್ಯಾನ್ಸ್ ಕನ್ನಡ. ಎರಡರ ಅಗಲ ಬೇರೆ, ಎತ್ತರ ಬೇರೆ. ನನ್ನಲ್ಲಿ ಕೂದಲೆಳೆಯಷ್ಟರಲ್ಲಿ ಹಿಡಿಸಿದ ಸಾಲು ಅಲ್ಲಿ ಒಡೆದದ್ದು ಅದಕ್ಕೆ.

ನಿರ್ಮಲಾ ಬಂದದ್ದು 2012ರ ವಿಂಡೋಸ್ 8 ಜೊತೆಗೆ. ಕನ್ನಡವಷ್ಟೇ ಅಲ್ಲ, ಭಾರತದ ಹಲವು ಲಿಪಿಗಳು ಅದೊಂದರಲ್ಲೇ ಇವೆ. ಅದಕ್ಕೂ ಮುಂಚೆ, ಎಕ್ಸ್‌ಪಿ ಕಾಲದಲ್ಲಿ ಕನ್ನಡಕ್ಕೆ ಇದ್ದದ್ದು ತುಂಗಾ. ನಮ್ಮನೆ ಹಿತ್ತಿಲಾಚೆ ಹರಿಯೋ ಹೊಳೆಯ ಹೆಸರು ಕಂಪ್ಯೂಟರಿನ ಪಟ್ಟಿಯಲ್ಲಿ ನೋಡಿ ಶಾಲೆಯಲ್ಲಿದ್ದಾಗ ಎಷ್ಟು ಬೀಗಿದ್ದೆನೋ! ವಿಂಡೋಸ್ 10ರಲ್ಲಿ ತುಂಗಾ ಬೇಕಿದ್ದರೆ ಕನ್ನಡದ ಹೆಚ್ಚುವರಿ ಫಾಂಟುಗಳು ಅಂತ ಬೇರೆಯಾಗಿ ಹಾಕಿಕೊಳ್ಳಬೇಕು.

ಹಾಗಂತ ತಪ್ಪು ನಿರ್ಮಲಾಳದ್ದೂ ಅಲ್ಲ. ಚೌಕಕ್ಕೆ ಇಷ್ಟೇ ಎತ್ತರ ಅಂತ ಕಟ್ಟಿ, ಮೀರಿದ್ದನ್ನು ಮುಚ್ಚಿಬಿಡು ಅಂತ ಬರೆದವಳು ನಾನು. ಇಂಗ್ಲಿಷಿನ ಅಳತೆ ಇಟ್ಟುಕೊಂಡು ಕನ್ನಡ ತುಂಬಿದ್ದೆ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ತ್ರೀ' ಅಂತ ಬರೆದರೆ ಕೆಳಗೆ ಎರಡೆರಡು ಒತ್ತಿಗೆ ಜಾಗ ಬೇಕು. ಅಮ್ಮನ ಪಕ್ಕದಲ್ಲೇ ಕೂತು ಎತ್ತರದ ಕಟ್ಟು ಬಿಚ್ಚಿದೆ, ಸಾಲುಗಳ ನಡುವಿನ ಅಂತರವನ್ನು ಅಕ್ಷರದ ಅಳತೆಯ 1.6 ಪಟ್ಟು ಮಾಡಿದೆ. ಮುಚ್ಚಿದ್ದ ಸಾಲು ಹೊರಗೆ ಬಂತು. ಫಾಂಟ್ ಮಾತ್ರ ಬದಲಾಯಿಸಲಿಲ್ಲ. ಓದೋದು ಅಮ್ಮ ಒಬ್ಬಳೇ, ಅವಳ ಕಣ್ಣಿಗೆ ನಿರ್ಮಲಾ ಒಗ್ಗಿದೆ.

ಎಲ್ಲ ಕಡೆ ಒಂದೇ ಥರ ಕಾಣಲೇಬೇಕು ಅಂದರೆ, ಮದುವೆ ಕಾರ್ಡೋ ರೆಸ್ಯೂಮೋ ಆದರೆ, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕಳಿಸಿ. ವೆಬ್ ಪೇಜಿಗೆ ಬೇಕಿದ್ದರೆ ನೋಟೊ ಜೊತೆಗೆ ಹಾಕಬಹುದು, ಅದರ ಲೈಸೆನ್ಸ್ ಮುಕ್ತ. ನಿರ್ಮಲಾ ಫೈಲನ್ನು ವಿಂಡೋಸ್‌ನಿಂದ ನಕಲು ಮಾಡಿ ಹಂಚೋದು ಬೇಡ, ಅದಕ್ಕೆ ಆ ಅನುಮತಿ ಇಲ್ಲ.

ಅಮ್ಮ ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದಳು. "ಗ್ಗೆ ಬಂತು" ಅಂದಳು. ಆಮೇಲೆ ನೋಡಿದೆ, ಫ್ರಿಜ್ ಬಾಗಿಲಿಗೆ ಅವಳ ದುಂಡನೆ ಅಕ್ಷರದ ಚೀಟಿಯೊಂದು ಅಂಟಿತ್ತು. ನೋವಿದ್ದರೆ ಮಾತ್ರ ಅನ್ನೋದಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ.

"ಇನ್ನು ಇದು ತೆಗೀಬಹುದಲ್ಲಮ್ಮ?"

"ಇರ್ಲಿ ಬಿಡು" ಅಂದು ಕಾಫಿಗೆ ಹಾಲಿಡಲು ಹೋದಳು.