ವಿಮೆಯ ಲೆಕ್ಕ ಮತ್ತು ಆರೋಗ್ಯವಂತರ ಹೊಣೆ

ಪಾತ್ರೆಯೊಂದರಲ್ಲಿ ತುಂಬಿದ ಅನಿಲದ ಒಂದು ಅಣು ಮರುಕ್ಷಣ ಎತ್ತ ಹೋಗುವುದೆಂದು ಯಾರೂ ಹೇಳಲಾರರು. ಆದರೆ ಕೋಟಿ ಕೋಟಿ ಅಣುಗಳು ಕೂಡಿ ಪಾತ್ರೆಯ ಗೋಡೆಯ ಮೇಲೆ ಹಾಕುವ ಒತ್ತಡವನ್ನು ನಿಖರವಾಗಿ ಹೇಳಬಹುದು. ಬಿಡಿಯಾಗಿ ಅನಿಶ್ಚಿತವಾದುದು ಒಟ್ಟಿನಲ್ಲಿ ನಿಶ್ಚಿತವಾಗುವ ಈ ನಿಯಮವೇ ಆರೋಗ್ಯ ವಿಮೆಗೂ ಆಧಾರವಾಗಿದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ವರ್ಷಕ್ಕೆ 200 ಜನರಲ್ಲಿ ಒಬ್ಬರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದೆಂದೂ ಅದಕ್ಕೆ 40,000 ರೂಪಾಯಿ ತಗಲುವುದೆಂದೂ ಇಟ್ಟುಕೊಳ್ಳೋಣ. ತಲೆಗೆ 200 ರೂಪಾಯಿ ಕೂಡಿಸಿದರೆ ಸಾಕು. ಆದರೆ 200 ಜನರ ಹಳ್ಳಿಯೊಂದು ತಾನೊಂದೇ ಈ ನಿಧಿಯನ್ನು ಕಟ್ಟಿದರೆ, ಮೂವರು ಹಾಸಿಗೆ ಹಿಡಿದ ವರ್ಷ ಅದು ಬರಿದಾಗುವುದು. 20 ಲಕ್ಷ ಜನರು ಸೇರಿದರೋ, ಸುಮಾರು 10,000 ಮಂದಿಗೆ ಚಿಕಿತ್ಸೆ ಬೇಕಾದೀತು. ಆ ಸಂಖ್ಯೆಯ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ 100ರ ಆಸುಪಾಸು. ನೂರಕ್ಕೆ ಒಂದರಷ್ಟೆ! ಸಾಂಕ್ರಾಮಿಕ ರೋಗ ಹಬ್ಬಿದಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಕರ್ನಾಟಕದಲ್ಲಿ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಸಹಕಾರ ಸಂಘಗಳ ರೈತ ಸದಸ್ಯರು ತಲೆಗೆ ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕೊಟ್ಟರು. ಮೊದಲ ವರ್ಷವೇ ಸುಮಾರು 16 ಲಕ್ಷ ಜನರು ಸೇರಿದರು. ಸರಕಾರವೂ ನೆರವಾಯಿತು. ಶಸ್ತ್ರಚಿಕಿತ್ಸೆಗಳ ದರವನ್ನು ಆಸ್ಪತ್ರೆಗಳೊಡನೆ ಮೊದಲೇ ಗೊತ್ತುಮಾಡಲಾಗಿತ್ತು. ಇದು ಮುಖ್ಯ; ಏಕೆಂದರೆ ವಿಮೆಯು ವೆಚ್ಚವನ್ನು ಹಂಚುವುದೇ ಹೊರತು ತಾನಾಗಿ ಬೆಲೆಯನ್ನು ಇಳಿಸುವುದಿಲ್ಲ. ಹಣ ಕೊಡುವವರು ಬೇರೆಯವರೆಂದಾದರೆ ಬೆಲೆ ಕೇಳುವವರೇ ಇಲ್ಲವಾಗುತ್ತಾರೆ.

ಆದರೆ ಅಣುವಿಗೂ ಮನುಷ್ಯನಿಗೂ ಒಂದು ಭೇದವಿದೆ. ಅಣು ಪಾತ್ರೆಯಿಂದ ಹೊರನಡೆಯಲಾರದು, ಮನುಷ್ಯನು ನಡೆಯಬಲ್ಲ. ಯಶಸ್ವಿನಿಯ ವಂತಿಗೆ 2005ರಲ್ಲಿ 120 ರೂಪಾಯಿಗೆ ಏರಿದಾಗ ಸದಸ್ಯರ ಸಂಖ್ಯೆ ಇಳಿಯಿತು. ಇಂಥ ಸಂದರ್ಭದಲ್ಲಿ ಮೊದಲು ಹೊರಡುವವರು ಯಾರು? ತಮಗೇನೂ ಆಗದೆಂದು ನಂಬಿದ ಗಟ್ಟಿಮುಟ್ಟಾದವರು. ಉಳಿದವರಲ್ಲಿ ಹತ್ತು ಜನರಿಗೆ ಒಬ್ಬರು ರೋಗಿಗಳಾದರೆ, ನಮ್ಮ ಲೆಕ್ಕದ 200 ರೂಪಾಯಿ 4,000 ರೂಪಾಯಿಯಾಗುತ್ತದೆ! ಆಗ ಇನ್ನಷ್ಟು ಜನರು ಬಿಡುತ್ತಾರೆ. ವಂತಿಗೆ ಮತ್ತೆ ಏರುತ್ತದೆ. ಕೊನೆಗೆ ನಿಧಿಯೇ ಕುಸಿಯುತ್ತದೆ. ಅಗತ್ಯವಿದ್ದವನಿಗೇ ಅದು ಎಟುಕದಂತಾಗುತ್ತದೆ.

ಆದುದರಿಂದ ಆರೋಗ್ಯದ ನಿಧಿಗೆ ಸೇರುವುದನ್ನು ಒಬ್ಬೊಬ್ಬರ ಇಷ್ಟಕ್ಕೆ ಬಿಡದೆ, ಎಲ್ಲರೂ ಅವರವರ ಶಕ್ತಿಯಂತೆ ಕೊಡುವ ವ್ಯವಸ್ಥೆಯೇ ಲೇಸೆಂದು ನಮ್ಮ ಅಭಿಪ್ರಾಯ. ಕೊಡಲಾರದವರ ಪಾಲನ್ನು ಸರಕಾರ ಹೊರಬೇಕು. “ವರ್ಷವೆಲ್ಲ ಏನೂ ಆಗಲಿಲ್ಲ, ಕಟ್ಟಿದ ಹಣ ದಂಡವಾಯಿತು” ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಆ ಹಣ ದಂಡವಾಗಲಿಲ್ಲ. ಎಲ್ಲಿಯೋ ಒಬ್ಬ ರೈತನು ಹೊಲವನ್ನು ಮಾರದೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಮನೆಗೆ ಹಿಂದಿರುಗಿದ. ತಾರುಣ್ಯದ ಆರೋಗ್ಯವನ್ನು ಪಡೆದಿರುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮೊದಲು ಅರಿಯಬೇಕು. ನಾಳೆ ಆ ರೈತನ ಸ್ಥಾನದಲ್ಲಿ ನಮ್ಮಲ್ಲಿ ಯಾರಿರುವರೋ ಬಲ್ಲವರಾರು?