ಹಿಮಶಿಖರವೂ ಎರಡು ದಿನದ ರಜವೂ

ಶುಕ್ರವಾರದ ರಾತ್ರಿ ಇಂದಿರಾನಗರದಲ್ಲಿಯೋ ಕೃಷ್ಣರಾಜಪುರದ ಹೆದ್ದಾರಿಯ ಬದಿಯಲ್ಲಿಯೋ ನಿಂತು ನೋಡಿದವರಿಗೆ, ಬೆನ್ನಿಗೆ ಚೀಲ ಬಿಗಿದ ತರುಣ ತರುಣಿಯರು ಗುಂಪುಗುಂಪಾಗಿ ಬಸ್ಸು ಹತ್ತುವ ನೋಟವು ಈಗ ಹೊಸದಲ್ಲ. ಶನಿವಾರ ಭಾನುವಾರಗಳನ್ನು ಕುಮಾರಪರ್ವತದಲ್ಲಿಯೋ ಮುಳ್ಳಯ್ಯನಗಿರಿಯಲ್ಲಿಯೋ ಕಳೆದು ಸೋಮವಾರ ಕಚೇರಿಗೆ ಹಾಜರಾಗುವ ಈ ಹವ್ಯಾಸವನ್ನು ನಾವು ಮನಃಪೂರ್ವಕವಾಗಿ ಮೆಚ್ಚುತ್ತೇವೆ. ಕುರ್ಚಿಯಲ್ಲಿ ಕುಳಿತು ಬಾಗಿದ ಬೆನ್ನು ಬೆಟ್ಟದ ಮೇಲೆ ನೆಟ್ಟಗಾಗುವುದಾದರೆ ಅದು ದೇಶಕ್ಕೆ ಲಾಭವೇ ಹೊರತು ನಷ್ಟವಲ್ಲ. ಆದರೆ ಇದೇ ಎರಡು ದಿನದ ಲೆಕ್ಕವನ್ನು ಹಿಮಾಲಯಕ್ಕೂ ಒಯ್ಯುವ ಆತುರವನ್ನು ಕಂಡು ಸುಮ್ಮನಿರುವುದು ಪತ್ರಿಕಾಧರ್ಮವಾಗದು.

2024ರ ಮೇ ತಿಂಗಳ ಕೊನೆಯಲ್ಲಿ ಬೆಂಗಳೂರಿನ ಒಂದು ತಂಡವು ಉತ್ತರಾಖಂಡದ ಸಹಸ್ರತಾಲವೆಂಬ ಸರೋವರದ ಯಾತ್ರೆಗೆ ಹೊರಟಿತು. ಮಾರ್ಗದರ್ಶಿಗಳೂ ಸೇರಿ 22 ಜನ. ಜೂನ್ 3ರಂದು ಹಿಂದಿರುಗುವಾಗ ಹಿಮದ ಬಿರುಗಾಳಿಯು ಅವರನ್ನು ಸುತ್ತಿಕೊಂಡಿತು. 9 ಮಂದಿ ಆ ಚಳಿಯಲ್ಲಿಯೇ ಪ್ರಾಣಬಿಟ್ಟರು. 13 ಮಂದಿ ಬದುಕಿ ಬಂದರು. ನಮ್ಮ ಸಚಿವರಾದ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಧಾವಿಸಬೇಕಾಯಿತು. ಅದಕ್ಕೆ ಮುಂಚೆ, 2022ರ ಅಕ್ಟೋಬರ್ 4ರಂದು, ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತಂಡವೊಂದು ದ್ರೌಪದೀ ಕಾ ದಾಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ, 27 ಜನರ ಶವಗಳು ದೊರೆತವು, ಇಬ್ಬರು ಕಾಣೆಯಾದರು. ಇವರಾರೂ ಎರಡು ದಿನದ ಆತುರಗಾರರಲ್ಲ. ಅನುಭವಿಗಳೂ ಶಿಕ್ಷಣ ಪಡೆಯುತ್ತಿದ್ದವರೂ ಆಗಿದ್ದರು. ಇಂಥವರನ್ನೇ ಬಿಡದ ಹಿಮವು ಸಿದ್ಧತೆಯಿಲ್ಲದವರಿಗೆ ದಾಕ್ಷಿಣ್ಯ ತೋರೀತೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಕರ್ನಾಟಕಕ್ಕೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯೇ 2,000 ಮೀಟರನ್ನು ಮುಟ್ಟುವುದಿಲ್ಲ. 5,500 ಮೀಟರಿನಲ್ಲಿ ಗಾಳಿಯ ಒತ್ತಡವು ಸಮುದ್ರಮಟ್ಟದ ಅರ್ಧಕ್ಕೆ ಇಳಿಯುತ್ತದೆ. ಆ ವಿರಳ ಗಾಳಿಗೆ ಒಗ್ಗಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ದುಡ್ಡಾಗಲಿ ಹುಮ್ಮಸ್ಸಾಗಲಿ ಆ ದಿನಗಳಿಗೆ ಬದಲಾಗಲಾರದು. ಮೊದಲು ತಲೆನೋವು, ಓಕರಿಕೆ; ಅಲಕ್ಷಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಮಿದುಳು ಊದಿಕೊಳ್ಳುತ್ತದೆ. ತಡಮಾಡದೆ ಕೆಳಗಿಳಿಯುವುದೇ ಅದಕ್ಕೆ ಮುಖ್ಯ ಮದ್ದು.

ನಮ್ಮ ಹಲಸೂರಿನ ಕೆರೆಯ ಆಸುಪಾಸಿನಲ್ಲಿ ಮದ್ರಾಸ್ ಸ್ಯಾಪರ್ಸ್ ದಳದ ಜವಾನರು ಮುಂಜಾವದಲ್ಲಿ ಓಡುವುದನ್ನು ಕಾಣದವರಾರು? ಅಂಥ ಕಟ್ಟುಮಸ್ತಾದ ಸೈನಿಕನನ್ನೂ ಸೇನೆಯು ನೇರವಾಗಿ ಹಿಮಕ್ಕೆ ಏರಿಸುವುದಿಲ್ಲ. 2,700ರಿಂದ 3,600 ಮೀಟರಿನವರೆಗೆ ಆರು ದಿನ, ಅಲ್ಲಿಂದ 4,500ರವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ, ಹೀಗೆ ಹದಿನಾಲ್ಕು ದಿನ ಒಗ್ಗಿಸಿಯೇ ಮುಂದಕ್ಕೆ ಕಳುಹಿಸುವುದು ಅಲ್ಲಿಯ ನಿಯಮ. ಜವಾನನಿಗೆ ಹದಿನಾಲ್ಕು ದಿನ, ಗುಮಾಸ್ತನಿಗೆ ಎರಡು ದಿನ ಎಂಬುದು ಯಾವ ನ್ಯಾಯ?

ಹಿಮನದಿಯ ಮೇಲಿನ ನಡಿಗೆಯು ಬೇರೆಯೇ ಒಂದು ವಿದ್ಯೆ. ನೆಲವೆಂದು ತೋರುವಲ್ಲಿ ಬಿರುಕು ಅಡಗಿರುತ್ತದೆ. ಒಬ್ಬರಿಗೊಬ್ಬರು ಹಗ್ಗ ಬಿಗಿದುಕೊಂಡು ನಡೆಯಬೇಕು. ಬಿಸಿಲೇರಿದರೆ ಹಿಮ ಸಡಿಲವಾಗುವುದರಿಂದ ನಡುರಾತ್ರಿಯಲ್ಲಿ ಹೊರಟು ಹೊತ್ತೇರುವುದರೊಳಗೆ ಹಿಂದಿರುಗಬೇಕು. ಇಂತಿಷ್ಟು ಗಂಟೆಗೆ ಶಿಖರ ಸಿಗದಿದ್ದರೆ ಮರಳಬೇಕೆಂಬ ನಾಯಕನ ಮಾತೇ ಅಲ್ಲಿ ಕಾನೂನು. ಆದರೆ ರಜ ಎರಡೇ ದಿನವಾದಾಗ ಭಾನುವಾರ ರಾತ್ರಿಯ ವಿಮಾನದ ಟಿಕೇಟೇ ನಾಯಕನ ಪೀಠದಲ್ಲಿ ಕುಳಿತು ಅಪ್ಪಣೆ ಕೊಡತೊಡಗುತ್ತದೆ. ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಪರ್ವತಾರೋಹಣವನ್ನು ನಿಷೇಧಿಸಬೇಕೆ? ಖಂಡಿತ ಕೂಡದು. 1953ರಲ್ಲಿ ತೇನ್‌ಸಿಂಗನು ಎವರೆಸ್ಟಿನ ತುದಿ ಮುಟ್ಟಿದ ಮರುವರ್ಷವೇ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣದ ಶಾಲೆ ತೆರೆದ ದೇಶ ನಮ್ಮದು. ಅಲ್ಲಿಯ ಮೊದಲ ಪಾಠಕ್ಕೇ ಸುಮಾರು ನಾಲ್ಕು ವಾರ ಬೇಕು. ಬೆಟ್ಟಕ್ಕೆ ಹೆದರಿ ಮನೆಯಲ್ಲಿ ಕುಳಿತ ಜನಾಂಗ ಮುಂದೆ ಬರಲಾರದು. ಬೆಟ್ಟವನ್ನು ಲೆಕ್ಕಿಸದ ಜನಾಂಗ ಬದುಕಲಾರದು.

ಮಾಡತಕ್ಕದ್ದು ಕೆಲವೇ ಇವೆ. ಯಾತ್ರೆ ಏರ್ಪಡಿಸುವವರು ಒಗ್ಗಿಕೊಳ್ಳಲು ಬೇಕಾದ ದಿನಗಳನ್ನು ಕಡಿಮೆಮಾಡಿ ಶಿಖರವನ್ನು ಮಾರಬಾರದು. ವೈದ್ಯರ ಪರೀಕ್ಷೆಯಿಲ್ಲದೆ ಯಾರನ್ನೂ ಕರೆದೊಯ್ಯಬಾರದು. ಉಪಗ್ರಹ ದೂರವಾಣಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲವೆಂಬ ನಿಯಮ ದೇಶರಕ್ಷಣೆಗೆ ಅಗತ್ಯವಿರಬಹುದು. ಆದರೂ ನೋಂದಾಯಿತ ತಂಡದ ನಾಯಕನಿಗೆ ಆ ಅನುಮತಿ ಸುಲಭವಾಗಿ ದೊರೆಯುವಂತೆ ಸರಕಾರದವರು ಏರ್ಪಾಡು ಮಾಡಬೇಕು. 2024ರ ಜನಸಂದಣಿಯ ತರುವಾಯ ಕುಮಾರಪರ್ವತಕ್ಕೆ ಮುಂಗಡ ಚೀಟಿಯ ಕಟ್ಟುಪಾಡು ತಂದ ನಮ್ಮ ಅಧಿಕಾರಿಗಳಿಗೆ, ಇಲ್ಲಿಂದ ಹೊರಡುವ ತಂಡಗಳ ಹೆಸರು ಬರೆದಿಟ್ಟುಕೊಳ್ಳುವುದು ಅಸಾಧ್ಯವೇನಲ್ಲ.

ಕಡೆಯ ಮಾತು ಕಚೇರಿಗಳ ಯಜಮಾನರಿಗೆ. ಹಿಮ ಕಾಣಬೇಕೆಂದು ಕೇಳುವ ನೌಕರನಿಗೆ ಎರಡು ದಿನವಲ್ಲ, ಹದಿನೈದು ದಿನದ ರಜ ಕೊಡಿರಿ. ಕೊಡಲಾಗದಿದ್ದರೆ ಸಾವನದುರ್ಗವೂ ಶಿವಗಂಗೆಯೂ ಹತ್ತಿರದಲ್ಲಿಯೇ ಇವೆ ಎಂದು ಅವನಿಗೆ ನೆನಪುಮಾಡಿರಿ. ಶಿಖರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ. ಮನೆಯ ಬಾಗಿಲಲ್ಲಿ ದಾರಿ ಕಾಯುವವರಿಗೆ ಮಗನು ಒಬ್ಬನೇ.