ವೊನೆಗಟ್ ಮನೆತನದ ಮೌನ

ಆತ್ಮಕಥನದಲ್ಲಿ ಅಜ್ಜ ಅಜ್ಜಿಯರ ಪ್ರಸಂಗ ಬಂದೊಡನೆ ನಮ್ಮ ಸಂಶೋಧನ ಪ್ರಬಂಧಗಳು ಅದನ್ನು 'ಬಾಲ್ಯದ ಮಧುರ ಸ್ಮೃತಿ' ಎಂದು ಹೆಸರಿಸಿ ಮುಂದೆ ಸಾಗುತ್ತವೆ. ಆದರೆ ಆ ಸ್ಮೃತಿಯನ್ನೇ ಉದ್ದೇಶಪೂರ್ವಕವಾಗಿ ತಡೆಹಿಡಿದ ಬಾಲ್ಯವನ್ನು ಓದುವ ಬಗೆ ಹೇಗೆ? ಅಮೆರಿಕದ ಕಾದಂಬರಿಕಾರ ಕರ್ಟ್ ವೊನೆಗಟ್ (1922–2007) ಅವರ ಬರಹಗಳು ಈ ಪ್ರಶ್ನೆಯನ್ನು ಎತ್ತುತ್ತವೆ.

ಇಂಡಿಯಾನಾಪೊಲಿಸ್ ನಗರದಲ್ಲಿ ನೆಲೆಸಿದ ಜರ್ಮನ್ ಮನೆತನದ ನಾಲ್ಕನೆಯ ತಲೆಮಾರಿನವರು ಅವರು. ಮುತ್ತಜ್ಜ ಕ್ಲೆಮೆನ್ಸ್ ಕಬ್ಬಿಣದ ಸಾಮಾನಿನ ವ್ಯಾಪಾರಿ, ಧರ್ಮಪೀಠಗಳನ್ನು ಒಪ್ಪದ ಮುಕ್ತಚಿಂತಕ. ತಾಯಿಯ ಕಡೆಯವರು ಬಿಯರ್ ತಯಾರಕರು. ಅಜ್ಜ ಬರ್ನಾರ್ಡ್ ವಾಸ್ತುಶಿಲ್ಪಿ. ಮೊಮ್ಮಗ ಹುಟ್ಟುವ ಮೊದಲೇ ತೀರಿಕೊಂಡರು. ಅವರು ಪಾಲುದಾರರೊಡನೆ ವಿನ್ಯಾಸಗೊಳಿಸಿದ 'ದಾಸ್ ಡಾಯ್ಚೆ ಹೌಸ್', ಎಂದರೆ ಜರ್ಮನ್ ಮನೆ, ವ್ಯಾಯಾಮ ಸಂಗೀತ ಕೂಟಗಳ ನೆಲೆಯಾಗಿತ್ತು. ಮೊದಲ ಮಹಾಯುದ್ಧ ಬಂದಾಗ ಅದೇ ಕಟ್ಟಡ 1918ರಲ್ಲಿ 'ಅಥೀನಿಯಂ' ಎಂದು ಹೆಸರು ಬದಲಿಸಿಕೊಂಡಿತು. (ಅದೇ ಯುದ್ಧಕಾಲದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನರಿಗೆ ಏನಾಯಿತೆಂಬುದನ್ನು ಕನ್ನಡ ಸಂಶೋಧಕರಿಗೆ ಹೇಳಬೇಕಾಗಿಲ್ಲ.)

1919ರಲ್ಲಿ ನೆಬ್ರಾಸ್ಕ ರಾಜ್ಯವು ಎಂಟನೆಯ ತರಗತಿ ಮುಗಿಸದ ಮಕ್ಕಳಿಗೆ ಶಾಲೆಯಲ್ಲಿ ಪರಭಾಷೆ ಕಲಿಸುವುದನ್ನು ನಿಷೇಧಿಸಿತು. ಹತ್ತು ವರ್ಷದ ಬಾಲಕನಿಗೆ ಜರ್ಮನ್ ಓದಿಸಿದ ತಪ್ಪಿಗೆ ರಾಬರ್ಟ್ ಮೆಯರ್ ಎಂಬ ಶಿಕ್ಷಕರಿಗೆ ದಂಡ ಬಿತ್ತು. 1923ರಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆಗ ಕರ್ಟ್ ವರ್ಷ ತುಂಬದ ಕೂಸು. ನ್ಯಾಯಾಲಯ ಕಾನೂನನ್ನು ಕೆಡವಬಲ್ಲದು. ಮನೆಯೊಳಗೆ ಹೊಕ್ಕ ನಾಚಿಕೆಯನ್ನು ಕೆಡವುವವರು ಯಾರು? ಜರ್ಮನ್ ಭಾಷೆ, ಸಾಹಿತ್ಯ, ಸಂಗೀತ, ಮನೆತನದ ಕಥೆ ಇವಾವುವೂ ಮಗನಿಗೆ ತಿಳಿಯದಂತೆ ತಂದೆತಾಯಿಗಳು ಬೆಳೆಸಿದರೆಂದು ವೊನೆಗಟ್ 'ಪಾಮ್ ಸಂಡೇ' (1981) ಕೃತಿಯಲ್ಲಿ ಬರೆದಿದ್ದಾರೆ. ವಂಶದ ಇತಿಹಾಸವನ್ನು ಆ ಪುಸ್ತಕಕ್ಕಾಗಿ ಅವರು ಹಿರಿಯ ಬಂಧುವೊಬ್ಬರ ಬರಹದಿಂದ ಎತ್ತಿಕೊಳ್ಳಬೇಕಾಯಿತು.

ವಲಸಿಗರ ಭಾಷೆ ಮೂರು ತಲೆಮಾರುಗಳಲ್ಲಿ ತಾನಾಗಿಯೇ ಕರಗುತ್ತದೆ, ಯುದ್ಧವನ್ನು ದೂರಬೇಕಿಲ್ಲ ಎಂಬ ವಾದವಿದೆ. ಅದು ಅರ್ಧ ಸತ್ಯ. ಕರಗುವುದು ಬೇರೆ, ಅಡಗಿಸುವುದು ಬೇರೆ. ಕರಗಿದ ಭಾಷೆ ಒಂದೆರಡು ತಿಂಡಿಯ ಹೆಸರನ್ನೋ ಬೈಗುಳವನ್ನೋ ಉಳಿಸಿ ಹೋಗುತ್ತದೆ. ಅಡಗಿಸಿದ್ದು ಉಳಿಸುವುದು ಕುತೂಹಲವನ್ನು ಮತ್ತು ಅನಾಥಪ್ರಜ್ಞೆಯನ್ನು.

ಬಂಧುಬಳಗವೇ ಇರಲಿಲ್ಲವೆಂದಲ್ಲ. ಬೇಸಿಗೆಯ ಮಧ್ಯಾಹ್ನ ಸೇಬಿನ ಮರದ ಕೆಳಗೆ ನಿಂಬೆ ಪಾನಕ ಹಿಡಿದು ಹರಟುತ್ತ, ಇಂಥ ಸುಖದ ಗಳಿಗೆಯನ್ನು ಗುರುತಿಸಿರೆಂದು ಹೇಳುತ್ತಿದ್ದ ಚಿಕ್ಕಪ್ಪ ಅಲೆಕ್ಸ್ ಅವರನ್ನು ವೊನೆಗಟ್ ಕೊನೆಯವರೆಗೂ ನೆನೆದರು. ಕೂತು ಓದಿಹೇಳುವ, ಸರಿತಪ್ಪು ಕಲಿಸುವ ಅಜ್ಜಿಯ ಸ್ಥಾನವನ್ನು ತುಂಬಿದವರು ಮಾತ್ರ ಅಡುಗೆಯ ಐಡಾ ಯಂಗ್ ಎಂಬ ಕಪ್ಪು ಮಹಿಳೆ. ರಕ್ತಸಂಬಂಧದ ಮನೆಯಲ್ಲಿ ಪರಂಪರೆಯ ಕೆಲಸ ಮಾಡಿದ್ದು ರಕ್ತಸಂಬಂಧವಿಲ್ಲದ ವ್ಯಕ್ತಿ.

ಇಷ್ಟನ್ನು ಗಮನಿಸಿ 'ಸ್ಲ್ಯಾಪ್‌ಸ್ಟಿಕ್' (1976) ಕಾದಂಬರಿಯನ್ನು ಓದಬೇಕು. ಅದರಲ್ಲಿ ಸರ್ಕಾರ ಪ್ರತಿಯೊಬ್ಬ ಪ್ರಜೆಗೂ ಹೊಸ ನಡುಹೆಸರು ಹಂಚುತ್ತದೆ. ಒಂದೇ ಹೆಸರಿನವರೆಲ್ಲ ನೆಂಟರು. ಅದನ್ನು ಬರಿಯ ಪ್ರಹಸನವೆಂದು ತಳ್ಳಿದ ವಿಮರ್ಶಕರ ಮಾತು ನನಗೆ ಒಪ್ಪಿಗೆಯಿಲ್ಲ. ಅಜ್ಜನ ಭಾಷೆಯನ್ನು ಕೈಗೆ ಕೊಡದ ಮನೆಯಲ್ಲಿ ಬೆಳೆದವರು ಸರ್ಕಾರದ ಮುಂದಿಟ್ಟ ಅರ್ಜಿ ಅದು.